ಶಾಲು, ಸ್ಮರಣಿಕೆ, ತಾಂಬೂಲದ ಚೀಲ: ಅಟ್ಟ ಸೇರುವ ಮುನ್ನ

ಮದುವೆ, ಗೃಹಪ್ರವೇಶ, ನಿವೃತ್ತಿ ಸಮಾರಂಭ, ಕಂಪನಿಯ ವಾರ್ಷಿಕೋತ್ಸವ, ಯಾವುದಕ್ಕೇ ಹೋಗಲಿ, ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ಟವರ ಪ್ರೀತಿ ದೊಡ್ಡದು, ಆದರೆ ಆ ವಸ್ತು ನಮಗೆ ಬೇಕಿರುವುದಿಲ್ಲ. ಬಿಸಾಡಲು ಮನಸ್ಸು ಬಾರದೆ ಅಟ್ಟಕ್ಕೆ ಹಾಕುತ್ತೇವೆ. ಹಾಳಾಗುವುದು ಅಲ್ಲಿಯೇ. ರವಿಕೆ ಕಣ ಮಡಿಕೆಯಲ್ಲಿ ಹಳದಿಗಟ್ಟುತ್ತದೆ, ಪವರ್ ಬ್ಯಾಂಕ್ ಉಬ್ಬುತ್ತದೆ, ಡೈರಿಯ ವರ್ಷ ಮುಗಿದುಹೋಗುತ್ತದೆ. ಹೊಸದಿದ್ದಾಗ ಯಾರಾದರೂ ಖುಷಿಯಿಂದ ಒಯ್ಯುತ್ತಿದ್ದ ವಸ್ತು ಕೆಲವು ವರ್ಷ ಕಳೆದರೆ ಗುಜರಿಯವರಿಗೂ ಬೇಡವಾಗುತ್ತದೆ. ಹಾಗಾಗಿ ಮನೆಗೆ ಬಂದ ವಾರದಲ್ಲೇ ಅದರ ದಾರಿ ತೀರ್ಮಾನವಾಗಲಿ.

ಮೊದಲು ವಿಂಗಡಣೆ

ಚಾಪೆ ಹಾಸಿ ಎಲ್ಲವನ್ನೂ ಸುರಿದುಕೊಳ್ಳಿ. ಕೊಟ್ಟವರು ಯಾರು ಎಂಬುದನ್ನು ಬದಿಗಿಟ್ಟು, ವಸ್ತು ಯಾವುದರಿಂದ ಮಾಡಿದ್ದು ಎಂಬುದನ್ನಷ್ಟೇ ನೋಡಿ. ಬಟ್ಟೆ, ಲೋಹ, ಕಾಗದ, ಪ್ಲಾಸ್ಟಿಕ್, ಬ್ಯಾಟರಿ ಇರುವಂಥವು, ಹೀಗೆ ಐದು ಗುಡ್ಡೆ ಸಾಕು.

ಇಲ್ಲಿ ಬಹಳ ಜನ ಎಡವುವುದು ತಾಂಬೂಲದ ಚೀಲದಲ್ಲಿ. ಮುಟ್ಟಿದರೆ ಬಟ್ಟೆಯಂತಿರುವ, ಸಣ್ಣ ಸಣ್ಣ ಚುಕ್ಕಿಗಳ ಅಚ್ಚಿರುವ ‘ನಾನ್ ವೋವನ್’ ಚೀಲ ಬಟ್ಟೆಯಲ್ಲ; ಹೆಚ್ಚಾಗಿ ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದ ಇಂಥ ಚೀಲಗಳಿಗೆ 2021ರ ಸೆಪ್ಟೆಂಬರ್ 30ರಿಂದಲೇ ದೇಶದಲ್ಲಿ ನಿಷೇಧವಿದೆ. ಇದನ್ನು ಬಿಸಿಲಿಗೆ ಹಾಕಬೇಡಿ, ಪುಡಿಪುಡಿಯಾಗಿ ಮಣ್ಣು ಸೇರುತ್ತದೆ. ಗಿಡದ ಕುಂಡವಾಗಿ ಬಳಸಿ ಎಂಬ ಸಲಹೆಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಕಂಬಳಿ, ಚಪ್ಪಲಿ, ಪ್ರಯಾಣದಲ್ಲಿ ಮೈಲಿಗೆ ಬಟ್ಟೆ ಕಟ್ಟಿಡಲು ಒಳ್ಳೆಯದು. ಹರಿದ ಮೇಲೆ ಒಣಕಸಕ್ಕೆ.

ರವಿಕೆ ಕಣ ಮತ್ತು ಶಾಲು

ಅಂಚಿನಿಂದ ಒಂದೆಳೆ ದಾರ ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು, ಉದುರುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬೆರಕೆ ನೂಲಿನಲ್ಲಿ ಎರಡೂ ಕಾಣಿಸುತ್ತವೆ.

ಅಪ್ಪಟ ಹತ್ತಿಯ ಕಣ ರವಿಕೆಯ ಲೈನಿಂಗ್‌ಗೆ ಬರುತ್ತದೆ. ಪಕ್ಕದ ಬೀದಿಯ ಟೈಲರ್ ಅಕ್ಕನಿಗೆ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಪಾಲಿಯೆಸ್ಟರ್ ಕಣದಲ್ಲಿ ತರಕಾರಿ ಚೀಲ ಹೊಲಿಸಿ. ಒಂದೇ ಪದರವಾದರೆ ಆಲೂಗಡ್ಡೆಯ ಭಾರಕ್ಕೆ ಹೊಲಿಗೆ ಬಿಡುತ್ತದೆ, ಎರಡು ಕಣ ಜೋಡಿಸಿ. ಮೊದಲು ಬದಿಯಿಂದ ನಾಲ್ಕು ಬೆರಳಗಲದ ಎರಡು ಪಟ್ಟಿ ಕತ್ತರಿಸಿ ಹಿಡಿಕೆಗೆ ತೆಗೆದಿಡಿ. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ಚೀಲದ ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಇಳಿಸಿ, ಚೌಕ ಹಾಕಿ, ಅದರೊಳಗೆ ಅಡ್ಡಗೆರೆ ಹೊಲಿಯಬೇಕು. ಚೀಲ ಕಿತ್ತುಬರುವುದು ಯಾವಾಗಲೂ ಹಿಡಿಕೆಯ ಬುಡದಲ್ಲಿ.

ಕಣಗಳು ಬಹಳ ಸೇರಿದ್ದರೆ ಕೌದಿಯಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ಒಳಗೆ ಹಳೆಯ ಮೆತ್ತನೆಯ ಸೀರೆ, ಮೇಲೆ ಕಣದ ತುಂಡುಗಳು. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ವಿದ್ಯೆ ಇನ್ನೂ ಉಳಿದಿದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಅಂಚಿನಿಂದ ಶುರುಮಾಡಿ ನಡುವಿನತ್ತ ಹೊಲಿಯುತ್ತಾ ಬರುತ್ತಾರೆ. ಕೂಲಿ ಕೊಟ್ಟೇ ಹೊಲಿಸಿ; ಅದು ದಿನಗಟ್ಟಲೆ ಹಿಡಿಯುವ ಕೆಲಸ.

ಸನ್ಮಾನದ ಶಾಲುಗಳು ಸಾಮಾನ್ಯವಾಗಿ ಪಾಲಿಯೆಸ್ಟರ್. ಒಲೆಯ ಹತ್ತಿರ ಮಸಿಬಟ್ಟೆಯಾಗಿ ಬಳಸಬೇಡಿ, ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಎರಡು ಶಾಲು ಸೇರಿಸಿ ಹೊಲಿದರೆ ಹೊದಿಕೆಯಾಗುತ್ತದೆ. ವೃದ್ಧಾಶ್ರಮಕ್ಕೆ ಕೊಡುವುದಾದರೆ ಫೋನ್ ಮಾಡಿ, ಬೇಕೇ ಎಂದು ಕೇಳಿ, ಒಗೆದು ಕೊಡಿ. ನಮ್ಮ ಮನೆ ಖಾಲಿ ಮಾಡಲು ಅವರ ಕೋಣೆ ತುಂಬಬಾರದು.

ಸ್ಮರಣಿಕೆಗಳು

ಇವೇ ಅತಿ ಕಷ್ಟದವು. ಮರದಂತೆ ಕಾಣುವ ಹಲಗೆ ಬಹುಪಾಲು ಎಂಡಿಎಫ್. ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ್ದು. ಆ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುವುದರಿಂದ ದಯವಿಟ್ಟು ಬಚ್ಚಲೊಲೆಗೆ ಹಾಕಬೇಡಿ.

ಸ್ಕ್ರೂ ತೆಗೆದು ಹಲಗೆ, ಅಕ್ರಿಲಿಕ್, ಲೋಹ ಬೇರೆ ಮಾಡಿ. ಹೆಸರಿನ ಸ್ಟಿಕ್ಕರ್‌ಗೆ ಹೇರ್ ಡ್ರೈಯರ್ ಹಿಡಿದರೆ ಮೂಲೆಯಿಂದ ಎದ್ದುಬರುತ್ತದೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಖಾಲಿಯಾದ ಫ್ರೇಮು, ಕಪ್ಪುಗಳನ್ನು ಊರಿನ ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ ಕೊಡಿ, ಕ್ರೀಡಾಕೂಟದ ಬಹುಮಾನಕ್ಕೆ ಹೊಸ ಹೆಸರು ಅಂಟಿಸಿದರಾಯಿತು. ಹಿತ್ತಾಳೆ, ತಾಮ್ರವನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ.

ಸ್ಟೀಲು, ಕಾಗದ, ಬ್ಯಾಟರಿ

ಸ್ಟೀಲ್ ತಟ್ಟೆ, ಲೋಟ, ಡಬ್ಬಿಗಳನ್ನು ಬೀದಿಯವರೆಲ್ಲ ಒಂದೆಡೆ ಕೂಡಿಸಿದರೆ ನಾಮಕರಣ, ಹುಟ್ಟುಹಬ್ಬಗಳಿಗೆ ಪ್ಲಾಸ್ಟಿಕ್ ತಟ್ಟೆ ತರುವ ಅಗತ್ಯವೇ ಬೀಳದು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಹೀಗೆ ಪ್ಲೇಟ್ ಬ್ಯಾಂಕ್ ನಡೆಸುತ್ತಿದೆ.

ಟೇಬಲ್ ಕ್ಯಾಲೆಂಡರಿನ ದಪ್ಪ ಹಾಳೆಗಳು ಅಂಧ ಮಕ್ಕಳ ಶಾಲೆಗಳಲ್ಲಿ ಬ್ರೈಲ್ ಅಭ್ಯಾಸಕ್ಕೆ ಉಪಯೋಗಕ್ಕೆ ಬರುತ್ತವೆ. ಚುಕ್ಕೆ ಒತ್ತಿ ಬರೆಯಲು ಗಟ್ಟಿ ಕಾಗದ ಬೇಕು, ಮೇಲೆ ಏನು ಮುದ್ರಿಸಿದ್ದರೂ ಬೆರಳಿಗೆ ಅಡ್ಡಿಯಿಲ್ಲ. ಡೈರಿಯನ್ನು ಜನವರಿಯಲ್ಲೇ ಕೊಟ್ಟುಬಿಡಿ.

ಪವರ್ ಬ್ಯಾಂಕ್, ಇಯರ್‌ಫೋನ್, ಗಡಿಯಾರ ಒಣಕಸಕ್ಕೆ ಹೋಗಬಾರದು. ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಉಬ್ಬಿದ್ದನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ. ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಒಯ್ಯಿರಿ. ಬಳಸಿದ ಬ್ಯಾಟರಿಯನ್ನು ವಾಪಸ್ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಉಳಿದ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ನಗರದಲ್ಲಿ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ, ಹಳ್ಳಿಯಲ್ಲಿ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ ತಲುಪಿಸಿ.

ಸಮಾರಂಭ ನಿಮ್ಮದೇ ಆದರೆ

2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಸ್ಮರಣಿಕೆಗಳ ಬದಲು ಕನ್ನಡ ಪುಸ್ತಕ ಕೊಡುವಂತೆ ಸೂಚಿಸಿತ್ತು. ಮನೆಯ ಸಮಾರಂಭಕ್ಕೂ ಅದು ಹೊಂದುತ್ತದೆ. ಚೀಲವೇ ಬೇಕೆಂದರೆ ಹತ್ತಿಯದು ಕೊಡಿ, ವಧೂವರರ ಹೆಸರನ್ನು ಮೇಲೆ ಅಚ್ಚು ಹಾಕಿಸಬೇಡಿ. ಇನ್ನೊಬ್ಬರ ಮದುವೆಯ ಹೆಸರು ಹೊತ್ತ ಚೀಲವನ್ನು ಸಂತೆಗೆ ಒಯ್ಯಲು ಜನ ಹಿಂಜರಿಯುತ್ತಾರೆ. ಹೆಸರು ಬೇಕೇಬೇಕು ಎನಿಸಿದರೆ, ಚೀಲದೊಳಗೆ ಒಂದು ಕಾಗದದ ಚೀಟಿ ಇಟ್ಟರೆ ಸಾಕು.