ಫೋನ್ ಇಟ್ಟುಬಿಡು ಅಜ್ಜಿ

ಪೊಲೀಸ್ ಅಂತ ಫೋನ್ ಬಂದ್ರೆ ಸಂಗನಕಲ್ಲಿನ ನಮ್ಮ ಅಜ್ಜಿ ಕೂತಲ್ಲಿಂದ ಎದ್ದು ನಿಲ್ತಾಳೆ. ವಂಚಕರಿಗೆ ಬೇಕಾಗಿರೋದು ಈ ಭಯವೇ.

'ಡಿಜಿಟಲ್ ಅರೆಸ್ಟ್' ಕರೆ ಹೀಗಿರುತ್ತೆ: ನಿಮ್ಮ ಆಧಾರ್ ಮೇಲೆ ತೆಗೆದ ಸಿಮ್‌ನಿಂದ ಅಪರಾಧ ನಡೆದಿದೆ, ವಿಡಿಯೋ ಕಾಲ್‌ಗೆ ಬನ್ನಿ, ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಕೇಳಿಸಿದ್ದು ನಮ್ಮದೇ ವಿಜಯಪುರದ ಒಬ್ಬರಿಗೆ ಬಂದಿದ್ದ ಇಂಥ ಕರೆ. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ.

ಮೊದಲು ನಾವು ಅಜ್ಜಿಗೆ ಓಟಿಪಿ, ಲಿಂಕ್ ಅಂತ ಒಂದು ಗಂಟೆ ಪಾಠ ಮಾಡಿದ್ವಿ. ತಲೆಗೆ ಹೋಗಲಿಲ್ಲ. (ನಮಗೆ ಕೆಲವು ಲೆಕ್ಚರ್ ಹೋಗ್ತವಾ?) ಆಮೇಲೆ ಒಂದೇ ಮಾತು ಹೇಳಿದ್ವಿ: "ಯಾರಿಗೂ ಹೇಳಬೇಡ ಅಂದ ಕೂಡ್ಲೇ ಫೋನ್ ಇಟ್ಟು ನಮ್ಮನ್ನ ಕೂಗು." ಪಕ್ಕದ ಕೋಣೆಯಿಂದ ನಾವೇ ಪೊಲೀಸ್ ಆಗಿ ಫೋನ್ ಮಾಡಿದ್ವಿ. ಮೊದಲ ಸಲ "ಸಾಹೇಬ್ರೆ, ನಾನೇನೂ ಮಾಡಿಲ್ರೀ" ಅಂದ್ಲು. ಮೂರನೇ ಸಲ ಕಟ್ ಮಾಡಿದ್ಲು.

ಇನ್ನೊಂದು, ದುಡ್ಡು ಬರೋದಕ್ಕೆ ಯುಪಿಐ ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದ್ರೆ ಹೋಗೋದೇ.

ಹೋಗಿಬಿಟ್ಟಿದ್ರೆ ಹಿರಿಯರನ್ನ ಬೈಯುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರೋ ಮುಂಚೆ ತಿಳಿಸಿದ್ರೆ ಬ್ಯಾಂಕಿನವರು ತಡೆಹಿಡಿಯಬಹುದು.