ಸೈಕಲ್ ಕೊಳ್ಳುವ ಮೊದಲು ದಾರಿ ಹುಡುಕು

ಪ್ರೀತಿಯ ಪುಟ್ಟಿಗೆ,

ಜಯನಗರದ ರೂಮಿನಿಂದ ಕೋರಮಂಗಲದ ಆಫೀಸಿಗೆ ಇನ್ನು ಸೈಕಲ್ಲಿನಲ್ಲೇ ಹೋಗುತ್ತೇನೆ ಅಂತ ನೀನು ಹೇಳಿದ್ದು ಕೇಳಿ ಬಹಳ ಸಂತೋಷವಾಯಿತು. ಮಾರನೇ ದಿನವೇ ನಿಮ್ಮಮ್ಮ ಫೋನ್ ಮಾಡಿ, ‘ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸೈಕಲ್ಲೇ? ನೀನಾದರೂ ಅವಳಿಗೆ ಬುದ್ಧಿ ಹೇಳು’ ಅಂದಳು. ಅವಳ ಭಯ ಸುಳ್ಳಲ್ಲ. ಆದರೂ ನಿನ್ನನ್ನು ತಡೆಯುವ ಮನಸ್ಸು ನನಗಿಲ್ಲ. ನಿನ್ನ ಹಾಗೇ ಯೋಚಿಸುತ್ತಿರುವ ಬೇರೆ ಮಕ್ಕಳಿಗೂ ಉಪಯೋಗಕ್ಕೆ ಬಂದೀತೆಂದು ಈ ಕಾಗದವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗಿ ಬಂದವಳು ನೀನು. 2006-07ರಲ್ಲಿ ಶುರುವಾದ ಆ ಯೋಜನೆ ಹಳ್ಳಿಗಳ ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರ ದೊಡ್ಡದು. ಹಾಗಾಗಿ ಬ್ಯಾಲೆನ್ಸು, ಬ್ರೇಕು ನಿನಗೆ ಕಲಿಸಬೇಕಾಗಿಲ್ಲ. ಹೊಸದಾಗಿರುವುದು ಈ ಊರಿನ ರಸ್ತೆ. ಎಲ್ಲರೂ ಮೊದಲು ಅಂಗಡಿಗೆ ಓಡುತ್ತಾರೆ. ನೀನು ಮೊದಲು ದಾರಿ ಹುಡುಕು.

ಮೊಬೈಲಿನ ನಕ್ಷೆ ತೋರಿಸುವುದು ಬೈಕು, ಕಾರುಗಳ ದಾರಿ. ಅದನ್ನು ನಂಬಿದರೆ ನೇರವಾಗಿ ಡೈರಿ ಸರ್ಕಲ್ಲಿಗೆ ಕರೆದೊಯ್ದು ಲಾರಿ-ಬಸ್ಸುಗಳ ನಡುವೆ ನಿಲ್ಲಿಸೀತು. ಜಯನಗರದ ಕ್ರಾಸುಗಳಲ್ಲಿ ನೆರಳಿದೆ, ವೇಗ ಕಡಿಮೆ. ಅವುಗಳಲ್ಲೇ ಪೂರ್ವಕ್ಕೆ ಬಾ. ಬನ್ನೇರುಘಟ್ಟ ರಸ್ತೆ ದಾಟಿ, ಸುದ್ದಗುಂಟೆಪಾಳ್ಯ, ತಾವರೆಕೆರೆಯ ಒಳರಸ್ತೆಗಳನ್ನು ಹಿಡಿದರೆ ಹೊಸೂರು ರಸ್ತೆ ಸಿಗುತ್ತದೆ. ಅದನ್ನೂ ದಾಟಿದರೆ ಕೋರಮಂಗಲ. ಒಳದಾರಿ ಸ್ವಲ್ಪ ಸುತ್ತಾದರೂ ಚಿಂತೆಯಿಲ್ಲ. ನಿಜವಾಗಿ ಅಪಾಯವಿರುವುದು ಆ ಎರಡು ದೊಡ್ಡ ರಸ್ತೆಗಳನ್ನು ದಾಟುವಲ್ಲಿ. ಅಲ್ಲಿ ಸೈಕಲ್ಲಿನಿಂದ ಇಳಿದು, ಸಿಗ್ನಲ್ಲಿನಲ್ಲಿ ಪಾದಚಾರಿಗಳ ಜೊತೆ ತಳ್ಳಿಕೊಂಡು ದಾಟು. ಬಲಕ್ಕೆ ತಿರುಗಬೇಕಾದ ದೊಡ್ಡ ಜಂಕ್ಷನ್ನುಗಳಲ್ಲೂ ಹೀಗೇ ಮಾಡು. ಯಾರು ಏನಂದುಕೊಂಡರೂ ಸರಿಯೆ.

ಈ ದಾರಿಯನ್ನು ಮೊದಲ ಸಲ ಭಾನುವಾರ ಬೆಳಗಿನ ಜಾವ ನೋಡಿಕೊಂಡು ಬಾ. ಹಂಪ್ ಎಲ್ಲಿದೆ, ಚರಂಡಿಯ ಜಾಲರಿ ಎಲ್ಲಿ ಚಕ್ರ ನುಂಗುವ ಹಾಗಿದೆ, ಯಾವ ಮೂಲೆಯಲ್ಲಿ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ಎಲ್ಲ ಆಗ ಗೊತ್ತಾಗುತ್ತದೆ. ರೂಢಿ ತಪ್ಪಿದ್ದರೆ ಅದಕ್ಕೂ ಮೊದಲು ಕಬ್ಬನ್ ಪಾರ್ಕಿಗೆ ಹೋಗು. ಭಾನುವಾರ ಅಲ್ಲಿ ಮೋಟಾರು ವಾಹನಗಳನ್ನು ಬಿಡುವುದಿಲ್ಲ.

ಇನ್ನು ರಸ್ತೆಯಲ್ಲಿ ಎಲ್ಲಿ ಹೋಗಬೇಕು ಅನ್ನುವುದು. ಇದನ್ನು ಎರಡು ಸಲ ಓದು. ಹೊಸಬರು ಹೆದರಿಕೆಯಿಂದ ರಸ್ತೆಯಂಚಿಗೆ ಅಂಟಿಕೊಂಡು ಹೋಗುತ್ತಾರೆ. ಅಂಚಿನಲ್ಲಿರುವುದು ಮಣ್ಣು, ಗಾಜಿನ ಚೂರು, ಕಿತ್ತುಹೋದ ಚಪ್ಪಡಿ. ಗುಂಡಿ ತಪ್ಪಿಸಲು ಗಕ್ಕನೆ ಬಲಕ್ಕೆ ಎಳೆದಾಗಲೇ ಹಿಂದಿನ ಬೈಕು ಬಂದು ಬಡಿಯುವುದು. ಅಂಚಿನಿಂದ ಒಂದು ಮೀಟರ್ ಬಿಟ್ಟು, ನೇರವಾಗಿ, ಒಂದೇ ಸಮ ಹೋಗು. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ. ಹಾರ್ನ್ ಹೊಡೆಯುತ್ತಿದ್ದಾನೆ ಎಂದರೆ ನೀನು ಅವನ ಕಣ್ಣಿಗೆ ಬಿದ್ದಿದ್ದೀಯ ಎಂದು ಅರ್ಥ. ನಿಂತ ಕಾರುಗಳ ಪಕ್ಕದಲ್ಲೂ ಇಷ್ಟೇ ದೂರ ಕಾದುಕೋ, ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಹೇಳಲಾಗದು. ಬಿಎಂಟಿಸಿ ಬಸ್ಸಿನ ಎಡಕ್ಕೆ ಮಾತ್ರ ಯಾವತ್ತೂ ನುಗ್ಗಬೇಡ. ಸ್ಟಾಪು ಬಂದರೆ ಬಸ್ಸು ಎಡಕ್ಕೆ ವಾಲುತ್ತದೆ, ಜನ ಧುಮುಕುತ್ತಾರೆ, ಡ್ರೈವರಿಗೆ ನೀನು ಕಾಣುವುದಿಲ್ಲ. ನಿಂತ ಬಸ್ಸಿನ ಹಿಂದೆ ನೀನೂ ನಿಲ್ಲು. ಅರ್ಧ ನಿಮಿಷದಲ್ಲಿ ಏನೂ ಮುಳುಗುವುದಿಲ್ಲ.

ಸೈಕಲ್ ವಿಷಯಕ್ಕೆ ಬರುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಓಡಾಟಕ್ಕೆ ದುಬಾರಿ ಸೈಕಲ್ ಬೇಡ. ಗೇರು ಮಾತ್ರ ಇರಲಿ. ಬೆಂಗಳೂರು ದಿಬ್ಬದ ಮೇಲಿನ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಅರ್ಕಾವತಿಗೂ ಪೂರ್ವದ್ದು ದಕ್ಷಿಣ ಪಿನಾಕಿನಿಗೂ ಹರಿಯುತ್ತದೆ. ಅದಕ್ಕೇ ಇಲ್ಲಿ ಯಾವ ಬಡಾವಣೆಗೆ ಹೋದರೂ ಒಂದು ಏರು, ಒಂದು ಇಳಿಜಾರು ತಪ್ಪಿದ್ದಲ್ಲ. ಏರು ಶುರುವಾಗುವ ಮೊದಲೇ, ಪೆಡಲ್ ಹಗುರವಾಗಿ ತಿರುಗುತ್ತಿರುವಾಗಲೇ, ಗೇರು ಇಳಿಸಿಕೋ. ಏರಿನ ನಡುವೆ ಒದ್ದಾಡುತ್ತಾ ಬದಲಿಸಿದರೆ ಚೈನು ಕಳಚುತ್ತದೆ.

ಅಂಗಡಿಯಲ್ಲಿ ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟು ನೋಡು. ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮಂಡಿ ಚೂರೇ ಬಾಗುತ್ತದೆ. ಕಾಲು ಪೂರ್ತಿ ನೆಲಕ್ಕೆ ತಾಗಲಿ ಅಂತ ಸೀಟು ಇಳಿಸಿಕೊಂಡವರೇ ಆಮೇಲೆ ಮಂಡಿನೋವು ಅನ್ನುವುದು. ಟ್ಯೂಬಿನ ವಾಲ್ವ್ ಯಾವ ತರಹದ್ದು ಅಂತಲೂ ಕೇಳು. ಸ್ಕೂಟರಿನಂಥದ್ದಾದರೆ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಹೊಡೆಸಬಹುದು. ತೆಳ್ಳನೆಯ, ತುದಿ ತಿರುಗಿಸುವಂಥದ್ದಾದರೆ ಚಿಕ್ಕದೊಂದು ಅಡಾಪ್ಟರ್ ಬ್ಯಾಗಿನಲ್ಲಿ ಬಿದ್ದಿರಲಿ. ಎಷ್ಟು ಗಾಳಿ ಬೇಕು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಸೈಕಲ್ಲಿಗೆ ಲೈಸೆನ್ಸ್ ಇಲ್ಲ, ರಿಜಿಸ್ಟ್ರೇಷನ್ ಇಲ್ಲ. ಹಾಗಂತ ಹೆಲ್ಮೆಟ್ ಬಿಡಬೇಡ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಒಂದು ಗಟ್ಟಿ ಬೀಗ, ಇಷ್ಟಕ್ಕೆ ದುಡ್ಡು ಹಾಕು. ದುಪಟ್ಟಾ ಹಾಕುವ ದಿನ ಹೆಗಲಿನಿಂದ ಸೊಂಟಕ್ಕೆ ಎಳೆದು ಗಂಟು ಹಾಕಿಕೋ. ಚಕ್ರಕ್ಕೆ ಸಿಕ್ಕಿದರೆ ಕೊರಳಿಗೇ ಕುತ್ತು. ಮಳೆಯಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ. ಝೀಬ್ರಾ ಪಟ್ಟಿಯೂ, ಕಾಮಗಾರಿಗೆ ಹಾಸಿದ ಕಬ್ಬಿಣದ ತಗಡೂ ಜಾರುತ್ತವೆ. ನಿಂತ ನೀರಿನೊಳಗೆ ಇಳಿಯಲೇಬೇಡ, ಕೆಳಗೆ ಗುಂಡಿಯೋ ಮ್ಯಾನ್‌ಹೋಲೋ ತಿಳಿಯದು. ಅಂಥ ಸಂಜೆ ಸೈಕಲ್ಲನ್ನು ಆಫೀಸಿನಲ್ಲೇ ಬಿಟ್ಟು ಬಸ್ಸು ಹತ್ತು.

ನನಗೆ ಬೇಸರವಾಗುವುದು ಒಂದೇ. ಜಯನಗರದಲ್ಲಿ ಸೈಕಲ್ಲಿಗೆಂದು ಮಾಡಿದ ಪಥಗಳ ಮೇಲೆ ಕಾರುಗಳು ನಿಂತವು. ಕೋವಿಡ್ ಬಂದ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ದರು, ಅದೂ ಬಾಳಲಿಲ್ಲ. ಜಾಗ ಮಾಡಿದರೆ ಸಾಲದು, ಅದನ್ನು ಕಾಯಬೇಕು. ರಸ್ತೆಯಲ್ಲಿ ಸೈಕಲ್ಲಿನವರು ನಾಲ್ಕು ಜನರೇ ಇದ್ದಾಗ ಕಾಯುವ ಮನಸ್ಸು ಯಾರಿಗೂ ಬರುವುದಿಲ್ಲ. ನಿನ್ನಂಥವರು ಹೆಚ್ಚಬೇಕು ಅನ್ನುವ ನನ್ನ ಆಸೆ ಅದಕ್ಕೇ.

ನೀನು ಮಾಡಬಹುದಾದ್ದು ಒಂದಿದೆ. ಆಫೀಸಿನಲ್ಲಿ ಸೈಕಲ್ ನಿಲ್ಲಿಸಲು ನೆರಳಿರುವ, ಬೀಗ ಹಾಕಲು ಕಂಬಿ ಇರುವ ಜಾಗ ಬೇಕು ಅಂತ ಲಿಖಿತವಾಗಿ ಕೇಳು. ಒಬ್ಬಳೇ ಹೋಗಬೇಡ, ಇಷ್ಟವಿರುವ ನಾಲ್ಕು ಜನರ ಸಹಿ ಹಾಕಿಸಿಕೊಂಡು ಹೋಗು. ಸೈಕಲ್ ಕೊಳ್ಳುವ ದಿನ ಮುಂಚಿತವಾಗಿ ತಿಳಿಸು, ನಾನೂ ಅಂಗಡಿಗೆ ಬರುತ್ತೇನೆ. ನಿಮ್ಮಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ ನಿನ್ನ,
ಚಿಕ್ಕಮ್ಮ