ಪ್ರಶ್ನೋತ್ತರ: ಜಮೈಕಾದ ಊನಾ ಮಾರ್ಸನ್

ಪ್ರಶ್ನೆ: ಬಿಬಿಸಿಯ ಹಳೆಯ ಫೋಟೊ ಒಂದರಲ್ಲಿ ಟಿ. ಎಸ್. ಎಲಿಯಟ್, ಜಾರ್ಜ್ ಆರ್ವೆಲ್, ಮುಲ್ಕ್ ರಾಜ್ ಆನಂದ್ ಇದ್ದಾರೆ. ಅವರ ಜೊತೆ ಕೂತಿರುವ ಕಪ್ಪು ಮಹಿಳೆ ಯಾರು?
– ಓದುಗರು, ಧಾರವಾಡ

ಉತ್ತರ: ಅವರು ಜಮೈಕಾದ ಕವಯಿತ್ರಿ ಊನಾ ಮಾರ್ಸನ್. ಆರ್ವೆಲ್ ಭಾರತದ ಕೇಳುಗರಿಗಾಗಿ ನಡೆಸುತ್ತಿದ್ದ 'ವಾಯ್ಸ್' ಎಂಬ ಕಾವ್ಯ ಕಾರ್ಯಕ್ರಮದ ಚಿತ್ರ ಅದು, 1942ರದು. ಅವರು ಅಲ್ಲಿ ಬರೀ ಅತಿಥಿಯಲ್ಲ. 1941ರಿಂದ ಬಿಬಿಸಿಯ ಉದ್ಯೋಗಿ, ಅಲ್ಲಿ ಕಾರ್ಯಕ್ರಮ ನಿರ್ಮಿಸಿದ ಮೊದಲ ಕಪ್ಪು ಮಹಿಳೆ. ಯುದ್ಧಕ್ಕೆಂದು ಬ್ರಿಟನ್ನಿಗೆ ಬಂದ ಕೆರಿಬಿಯನ್ ಸೈನಿಕರ ಮಾತನ್ನು 'ಕಾಲಿಂಗ್ ದ ವೆಸ್ಟ್ ಇಂಡೀಸ್' ಮೂಲಕ ಅವರ ಮನೆಯವರಿಗೆ ಮುಟ್ಟಿಸುತ್ತಿದ್ದರು. ಅದರಿಂದಲೇ 1943ರಲ್ಲಿ 'ಕೆರಿಬಿಯನ್ ವಾಯ್ಸಸ್' ಹುಟ್ಟಿತು. ಡೆರೆಕ್ ವಾಲ್ಕಾಟ್, ಸ್ಯಾಮ್ ಸೆಲ್ವನ್, ವಿ. ಎಸ್. ನೈಪಾಲರ ಎಳವೆಯ ಬರಹಗಳು ಮುಂದೆ ಬಾನುಲಿಯಲ್ಲಿ ಕೇಳಿಬಂದದ್ದು ಅಲ್ಲಿ. ಅವರೆಲ್ಲರ ಹೆಸರು ನಮಗೆ ಗೊತ್ತು, ದಾರಿ ಮಾಡಿಕೊಟ್ಟವಳನ್ನು ಮರೆತೆವು. ಇದು ನನ್ನನ್ನು ಬಹಳ ನೋಯಿಸುತ್ತದೆ.

ಪ್ರಶ್ನೆ: ಅವರನ್ನು ಹೋರಾಟಗಾರ್ತಿ ಎನ್ನುತ್ತಾರಲ್ಲ, ಏಕೆ?
– ಓದುಗರು, ಮೈಸೂರು

ಉತ್ತರ: 1905ರಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯ ಮಗಳಾಗಿ ಹುಟ್ಟಿದ ಅವರು 1928ರಲ್ಲೇ ಜಮೈಕಾದಲ್ಲಿ 'ಕಾಸ್ಮೊಪಾಲಿಟನ್' ಎಂಬ ಸ್ವಂತ ಪತ್ರಿಕೆ ಹೊರಡಿಸಿ, ದುಡಿಯುವ ಹೆಣ್ಣುಮಕ್ಕಳ ಪರ ಬರೆದರು. 1932ರಲ್ಲಿ ಲಂಡನ್ನಿಗೆ ಹೋದಾಗ ಟೈಪಿಂಗ್, ಶೀಘ್ರಲಿಪಿ ಬಲ್ಲ ಈಕೆಗೆ ಕಚೇರಿಗಳು ಮೈಬಣ್ಣ ನೋಡಿ ಕೆಲಸ ನಿರಾಕರಿಸಿದವು. ಆಶ್ರಯ ಕೊಟ್ಟವರು ಪೆಕಮ್‌ನ ಕಪ್ಪು ವೈದ್ಯ ಹೆರಾಲ್ಡ್ ಮೂಡಿ. ಅವರ 'ಲೀಗ್ ಆಫ್ ಕಲರ್ಡ್ ಪೀಪಲ್ಸ್' ಸಂಘಟನೆಗೆ ದುಡಿದು, ಅದರ ಪತ್ರಿಕೆಯನ್ನೂ ಸಂಪಾದಿಸಿದರು. 1935ರಲ್ಲಿ ಇಸ್ತಾಂಬುಲ್‌ನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಮಾತನಾಡಿದರು. ಇಟಲಿ ಇಥಿಯೋಪಿಯವನ್ನು ಆಕ್ರಮಿಸಿದಾಗ ದೇಶಭ್ರಷ್ಟ ಚಕ್ರವರ್ತಿ ಹೈಲೆ ಸೆಲಾಸಿಯ ಕಾರ್ಯದರ್ಶಿಯಾಗಿ ನೆರವಾದರು.

ಪ್ರಶ್ನೆ: ಅವರ ಕವಿತೆಗಳಲ್ಲಿ ಯಾವುದನ್ನು ಮೊದಲು ಓದಲಿ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: 1930ರ ಮೊದಲ ಸಂಕಲನದ ಮೇಲೆ ಇಂಗ್ಲಿಷ್ ರಮ್ಯ ಕವಿಗಳ ನೆರಳು ದಟ್ಟವಾಗಿದೆ. ಅದನ್ನು ಆಮೇಲೆ ಓದಿ. 1937ರ 'ದ ಮಾತ್ ಅಂಡ್ ದ ಸ್ಟಾರ್' ಹಿಡಿಯಿರಿ. ಅದರ 'ಕಿಂಕಿ ಹೇರ್ ಬ್ಲೂಸ್' ಕವಿತೆಯಲ್ಲಿ ಹುಡುಗಿಯೊಬ್ಬಳಿಗೆ ತನ್ನ ಗುಂಗುರು ಕೂದಲು, ಕಪ್ಪು ಬಣ್ಣ ಎರಡೂ ಇಷ್ಟ. ಗಂಡಸರ ಕಣ್ಣಿಗೆ ಬೀಳಬೇಕಾದರೆ ಕೂದಲು ನೇರವಾಗಬೇಕು, ಬಣ್ಣ ತಿಳಿಯಾಗಬೇಕು. ಈ ಸಂಕಟವನ್ನು ಆಕೆ ಬ್ಲೂಸ್ ಲಯದಲ್ಲಿ, ಆಡುಮಾತಿನಲ್ಲೇ ತೋಡಿಕೊಳ್ಳುತ್ತಾಳೆ. 'ಸಿನಿಮಾ ಐಸ್' ಕವಿತೆಯ ತಾಯಿಯಂತೂ ಬಿಳಿ ಚೆಲುವನ್ನಷ್ಟೇ ಮೆರೆಸುವ ಚಿತ್ರಮಂದಿರಕ್ಕೆ ಮಗಳನ್ನು ಕಳಿಸಲು ಒಪ್ಪುವುದಿಲ್ಲ. ಬಳಿಕ, ಡೀಲಿಯಾ ಜ್ಯಾರೆಟ್-ಮೆಕಾಲೆ 1998ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಓದಿ.